ಹದಿನೆಂಟು ತಿಂಗಳ ಮಿಚ್ಚ

"ಎನ್ನ ವೇಲೆ?" ಎಂದು ಆಸ್ಪತ್ರೆಯ ಚೀಟಿ ಬರೆಯುವ ಕಿಟಕಿಯ ಒಳಗಿನಿಂದ ಗುಮಾಸ್ತರು ತಮಿಳಿನಲ್ಲಿ ಕೇಳಿದರು. ಏನು ಕೆಲಸ ಎಂದು ಕೇಳಿದ್ದು ನನ್ನ ಬಗ್ಗೆ. ಉತ್ತರ ಕೊಟ್ಟವರು ನಮ್ಮ ಮನೆಯವರು.

"ಸುಮ್ಮಾ ವೀಟ್ಲ ಇರುಕ್ಕುದುಂಗ" ಎಂದರು.

ಸುಮ್ಮನೆ ಮನೆಯಲ್ಲಿ ಇದೆ, ಅಂತ. ನಮ್ಮ ಕಡೆಯ ತಮಿಳಿನಲ್ಲಿ ಹೆಂಡತಿಯನ್ನು ಹಾಗೆ 'ಅದು' ಎನ್ನುವುದುಂಟು. ಅದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ, ನಾನೂ ಮಾಡಿಕೊಂಡಿರಲಿಲ್ಲ. ಗುಮಾಸ್ತರು ತಲೆ ಎತ್ತದೆ ಬರೆದುಕೊಂಡರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಆ ದಿನ ಬಸ್ಸು ಹತ್ತುವ ಮುಂಚೆ ಎರಡು ಬುಟ್ಟಿ ಕಂಡಿಕೆ ಸುತ್ತಿ ಮುಗಿಸಿ ಬಂದಿದ್ದೆ. ಆ ಹತ್ತಿಯ ಧೂಳು ಇನ್ನೂ ನನ್ನ ಕೂದಲಲ್ಲಿತ್ತು. ಆದರೂ ಆ ಉತ್ತರದಲ್ಲಿ ಏನೋ ತಪ್ಪಿದೆ ಎಂದು ಅವರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ನಮ್ಮದು ಕರುಮತ್ತಂಪಟ್ಟಿ. ನೇಯುವ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಷ್ಟು ತಲೆಮಾರಿನಿಂದ ಹೀಗಿದ್ದೇವೋ ಯಾರಿಗೂ ಗೊತ್ತಿಲ್ಲ. ನಾನು ಐದನೆಯ ತರಗತಿಯವರೆಗೆ ಓದಿದ್ದು ತಮಿಳಿನಲ್ಲಿ. ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಎರಡನ್ನು ಮನೆಯವರು ಓಡಿಸುತ್ತಿದ್ದರು, ಎರಡನ್ನು ಸಂಬಳದ ಆಳು ಆರುಮುಗಂ ಓಡಿಸುತ್ತಿದ್ದ. ಸೋಮನೂರಿನ ಯಜಮಾನರೊಬ್ಬರು ನೂಲು ಕೊಡುತ್ತಿದ್ದರು. ನಾವು ಬಟ್ಟೆ ನೇಯ್ದು ಕೊಟ್ಟರೆ ಮೀಟರಿಗೆ ಇಷ್ಟು ಎಂದು ಕೂಲಿ ಕೊಡುತ್ತಿದ್ದರು.

ನನ್ನ ಪಾಲಿನದು ಕಂಡಿಕೆ. ಲಾಳಿಯೊಳಗೆ ಕೂರುವ ಪುಟ್ಟ ಮರದ ಕಡ್ಡಿಗೆ ನೂಲು ಸುತ್ತಿಕೊಡುವ ಕೆಲಸ. ನಾಲ್ಕು ಮಗ್ಗ ಎಷ್ಟು ಬೇಗ ತಿನ್ನುತ್ತವೋ ಅಷ್ಟು ಬೇಗ ನಾನು ಸುತ್ತಬೇಕು. ಗಂಡಸರು ಊಟಕ್ಕೆ ಕೂತಾಗ ಮಗ್ಗವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಹೊಸ ಕಂಡಿಕೆ ಹಾಕಿದಾಗಲೆಲ್ಲ ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು ಒಳಗಿನ ನೂಲನ್ನು ಉಸಿರಿನಿಂದ ಎಳೆಯಬೇಕು. ನೂಲಿನ ತುದಿ ನಾಲಿಗೆಗೆ ತಾಗುತ್ತದೆ, ಜೊತೆಗೆ ಒಂದಿಷ್ಟು ಧೂಳು. ಉಗಿದು ಮುಂದಿನ ಲಾಳಿ. ಒಂದೇ ಲಾಳಿಗೆ ಆರುಮುಗಂ ಬಾಯಿ, ಮನೆಯವರ ಬಾಯಿ, ನನ್ನ ಬಾಯಿ. ಯಾರ ರೋಗ ಯಾರಿಗೆ ಬಂತು ಎಂದು ಆಮೇಲೆ ಡಾಕ್ಟರಮ್ಮನನ್ನು ಕೇಳಿದ್ದೆ. "ಅದನ್ನ ಹುಡುಕಿ ಏನು ಮಾಡ್ತೀಯ" ಎಂದರು.

ಶನಿವಾರ ಕೂಲಿ ಬಂದರೆ ಮನೆಯವರು ಜಗಲಿಯಲ್ಲಿ ಕೂತು ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು. ಕರೆಂಟಿಗೆ ಇಷ್ಟು, ಎಣ್ಣೆಗೆ, ಆರುಮುಗಂಗೆ, ಹೊಸ ಮಗ್ಗಗಳ ಸಾಲಕ್ಕೆ, ಮನೆಯ ಅಕ್ಕಿ ಬೇಳೆಗೆ. ಎಲ್ಲ ಕಳೆದು ಉಳಿದದ್ದಕ್ಕೆ ನಮ್ಮಲ್ಲಿ 'ಮಿಚ್ಚ' ಎನ್ನುತ್ತೇವೆ. ತಮಿಳಿನ ಮಾತು, ನಮ್ಮ ಕನ್ನಡದಲ್ಲಿ ಸೇರಿಹೋಗಿದೆ. "ಈ ವಾರ ನೂರು ಮಿಚ್ಚ" ಎಂದರೆ ಆ ಭಾನುವಾರ ಮನೆಯಲ್ಲಿ ಹಬ್ಬ. ಮಿಚ್ಚ ಸೇರಿದರೆ ಇನ್ನೊಂದು ಮಗ್ಗ. ಹಾಗೆಯೇ ಒಂದು ಎರಡಾಗಿ, ಎರಡು ನಾಲ್ಕಾಗಿತ್ತು. ಶೆಡ್ಡಿನಲ್ಲಿ ಕಬ್ಬಿಣ ಹೆಚ್ಚುತ್ತಾ ಹೋಯಿತು. ಒಂದು ವಾರ ಕೂತು ತಿನ್ನುವಷ್ಟು ಹಣ ಮಾತ್ರ ಎಂದೂ ಕೈಯಲ್ಲಿ ಇರಲಿಲ್ಲ. ಅದು ಬೇಕು ಎಂದೂ ನಮಗೆ ಗೊತ್ತಿರಲಿಲ್ಲ.

ಕೆಮ್ಮು ಮೂರು ತಿಂಗಳು ಇತ್ತು. ಶೆಡ್ಡಿನಲ್ಲಿ ಯಾರು ಕೆಮ್ಮುವುದಿಲ್ಲ! ಅತ್ತೆ ಕರಿಮೆಣಸಿನ ಕಷಾಯ ಕೊಟ್ಟರು. ಬೀದಿಯ ಕಾಂಪೌಂಡರ್ ಕೆಂಪು ಔಷಧಿ ಕೊಟ್ಟರು. ಸಂಜೆಯಾದರೆ ಸಣ್ಣಗೆ ಜ್ವರ. ರವಿಕೆ ಸಡಿಲವಾದಾಗ "ಒಳ್ಳೆಯದೇ, ಬಟ್ಟೆ ಮಿಚ್ಚ" ಎಂದು ನಾನೇ ತಮಾಷೆ ಮಾಡಿದೆ. ಒಂದು ಭಾನುವಾರ ಅಣ್ಣ ಬಂದಿದ್ದ. ಕುರಿಚಿಯ ಫೌಂಡ್ರಿಯೊಂದರಲ್ಲಿ ಕೆಲಸ ಅವನಿಗೆ. ಅವನಿಗೆ ಕಾಫಿ ಕೊಡುವಾಗ ಕೆಮ್ಮು ಬಂತು, ಸೆರಗಿನಲ್ಲಿ ರಕ್ತ ಕಂಡಿತು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವನು ನೋಡಿಬಿಟ್ಟಿದ್ದ.

"ಎಷ್ಟು ದಿನ ಆಯ್ತು ಜಯಮಣಿ?" ಎಂದ.

"ಇವತ್ತೇ."

"ಸುಳ್ಳು ಹೇಳಬ್ಯಾಡ ಕಣ್ಣು. ಮಡಚಿಕೊಂಡ ಕೈಗೆ ಅಭ್ಯಾಸ ಆಗಿದೆ." ಅಕ್ಕರೆ ಬಂದರೆ ನಮ್ಮಲ್ಲಿ 'ಕಣ್ಣು' ಎಂದೇ ಕರೆಯುತ್ತಾರೆ.

ಹಾಗೆ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಯ ಕಿಟಕಿಗೆ ಬಂದದ್ದು. ಬೆಂಚಿನ ಮೇಲೆ ಕೂತ ಎಲ್ಲರ ಮಡಿಲಲ್ಲೂ ಎಕ್ಸ್‌ರೇ ಲಕೋಟೆ. ಒಂದೇ ಫ್ಯಾನು. ಅದರ ಕೆಳಗಿನ ಜಾಗ ಖಾಲಿಯಾದರೆ ಎಲ್ಲರೂ ಒಂದೊಂದು ಜಾಗ ಸರಿಯುತ್ತಿದ್ದೆವು. ಅಲ್ಲಿ ಯಾರೂ ಯಾರನ್ನೂ 'ನಿಮಗೇನು' ಎಂದು ಕೇಳುವುದಿಲ್ಲ. ಕೆಮ್ಮಿದಾಗ ಮುಖ ತಿರುಗಿಸುವವರೂ ಇಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ನಾಚಿಕೆಯಿಲ್ಲದೆ ಕೆಮ್ಮಿದೆ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು "ಟಿ.ಬಿ." ಎಂದರು. ಎರಡೇ ಅಕ್ಷರ. ಮನೆಯವರಿಗೆ ಅರ್ಥವಾಗಲಿಲ್ಲ. ಆಗ ಅವರು ತಮಿಳಿನ ಹೆಸರು ಹೇಳಿದರು, "ಎಲುಂಬುರುಕ್ಕಿ". ಎಲುಬು ಕರಗಿಸುವುದು. ಅದು ಅರ್ಥವಾಯಿತು. ನಮ್ಮ ಮಾವ ಸತ್ತದ್ದು ಅದರಲ್ಲೇ. ಆರು ವರ್ಷದ ಮಗಳು ಮೀನಾಳ ಜಡೆ ಇನ್ನು ಮೇಲೆ ಯಾರು ಹಾಕುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತಿತು. ಸಾವಿನ ಸುದ್ದಿ ಕೇಳಿದವರಿಗೆ ದೊಡ್ಡ ದೊಡ್ಡ ಯೋಚನೆ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಜಡೆ.

"ಯಾಕಮ್ಮ ಅಳ್ತೀಯ? ಈಗ ಮದ್ದಿದೆ. ಎಲ್ಲಾ ಇನಾಮು, ಒಂದು ಪೈಸ ಬೇಡ" ಎಂದರು ಡಾಕ್ಟರಮ್ಮ. "ಎರಡು ತಿಂಗಳು ಇಲ್ಲಿ ಮಲಗಿ ಊಸಿ ಹಾಕಿಸ್ಕೋ. ಆಮೇಲೆ ಮನೇಲಿ ಮಾತ್ರೆ. ಒಟ್ಟು ಹದಿನೆಂಟು ತಿಂಗಳು. ನೂಲಿನ ಧೂಳು ಹತ್ರ ಸೇರಿಸಬೇಡ. ನಡುವೆ ಬಿಟ್ಟರೆ ಮಾತ್ರ ನನ್ನ ಹತ್ರ ಬರಬೇಡ."

ಇನಾಮು ಎಂದ ಕೂಡಲೇ ನಮ್ಮಿಬ್ಬರಿಗೂ ಹೋದ ಉಸಿರು ಬಂತು. ಕಷ್ಟವೆಲ್ಲ ಮುಗಿಯಿತು ಎಂದುಕೊಂಡೆವು. ಅಂಥ ಪೆದ್ದರು ನಾವು. ಬಟ್ಟೆಬರೆ ತರಲು ಊರಿಗೆ ಹೊರಟಾಗ ಬಸ್ಸಿನಲ್ಲಿ ಮನೆಯವರು ದೂರ ಕೂರುತ್ತಾರೇನೋ ಎಂದು ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಪಕ್ಕದಲ್ಲೇ ಕೂತರು. "ನೀ ಕಿಟಕಿ ಪಕ್ಕ ಬಾ, ಗಾಳಿ ಬರ್ತದೆ" ಎಂದರು. ಮದುವೆಯಾದ ಎಂಟು ವರ್ಷದಲ್ಲಿ ಅವರು ನನಗೆ ಕಿಟಕಿ ಬಿಟ್ಟುಕೊಟ್ಟದ್ದು ಅದೇ ಮೊದಲು.

ವಾರ್ಡಿನಲ್ಲಿ ನನ್ನ ಎಡಕ್ಕೆ ಸುಶೀಲಾ ಟೀಚರ್, ಬಲಕ್ಕೆ ಮಾರಾತ್ತಾ. ಟೀಚರ್ ತಾಳವಾಡಿ ಕಡೆಯವರು, ಅಲ್ಲಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಮಾರಾತ್ತಾ ಹತ್ತಿ ಹೊಲದ ಕೂಲಿ, ತಮಿಳಿನವಳು. ಮೂವರಿಗೂ ಒಂದೇ ರೋಗ, ಒಂದೇ ಊಸಿ, ಒಂದೇ ಬಣ್ಣದ ಮಾತ್ರೆ, ದಿನಕ್ಕೊಂದು ಮೊಟ್ಟೆ. ಊಸಿ ಎಂದರೆ ಇಂಜೆಕ್ಷನ್ನು, ಹಾಕಿಸಿಕೊಂಡ ಮೇಲೆ ತಲೆ ತಿರುಗುತ್ತಿತ್ತು. ಮಂಚದ ಕಂಬಿ ಹಿಡಿದುಕೊಂಡು "ಬಸ್ಸು ಹೊರಟಿತು" ಎಂದು ಮಾರಾತ್ತಾ ನಗಿಸುತ್ತಿದ್ದಳು.

ನಾನು ಮಾತಾಡುವ ಕನ್ನಡ ಕೇಳಿ ಟೀಚರಿಗೆ ಖುಷಿಯೋ ಖುಷಿ. ಆದರೆ ಬರೆಯಲು ಬರುವುದಿಲ್ಲ ಎಂದಾಗ ಹಾಸಿಗೆಯಲ್ಲಿ ಎದ್ದು ಕೂತರು. "ಮನೇಲಿ ಅಮ್ಮ ಅಂತ ಕರೆಯೋ ಭಾಷೆ ನಿನ್ನ ಕೈಗೆ ಗೊತ್ತಿಲ್ವೇನಮ್ಮ?" ಎಂದು ಜ್ವರದ ಪಟ್ಟಿಯ ಹಿಂದೆಯೇ ಅ ಆ ಬರೆದು ಕೊಟ್ಟರು. ನರ್ಸಮ್ಮ ಬೈದರು. ಎರಡು ತಿಂಗಳಲ್ಲಿ ಕಾಗುಣಿತ ಮುಗಿಯಿತು. ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಕಾಯಿಲೆಯ ದಯೆ.

ಭಾನುವಾರ ಮನೆಯವರು ಬರುತ್ತಿದ್ದರು. ಮೂರನೆಯ ಭಾನುವಾರ ಅವರ ಮುಖ ಸಪ್ಪೆಯಾಗಿತ್ತು.

"ಮಿಚ್ಚ ಇಲ್ಲ" ಎಂದರು.

"ನೂಲು ಕೊಡಲಿಲ್ವಾ?"

"ಕೊಟ್ಟರು. ನಾಲ್ಕು ತರಿ ಓಡ್ತಾ ಇದೆ. ಅದೇ ನೂಲು, ಅದೇ ಕೂಲಿ. ಮೂರು ವಾರದಿಂದ ಕೈಗೆ ಒಂದು ರೂಪಾಯಿ ಇಲ್ಲ. ನಿನ್ನ ಜಾಗಕ್ಕೆ ಇಟ್ಟ ಕಂಡಿಕೆ ಸುತ್ತೋಳು ನೂಲು ಕದೀತಾಳೋ ಏನೋ. ಇಲ್ಲಾಂದ್ರೆ ಕಣ್ಣೇಸು." ತರಿ ಎಂದರೆ ಮಗ್ಗ, ಕಣ್ಣೇಸು ಎಂದರೆ ದೃಷ್ಟಿ. ಅತ್ತೆ ಆಗಲೇ ಮಗ್ಗಗಳಿಗೆ ಮೆಣಸಿನಕಾಯಿ ಸುತ್ತಿ ಹಾಕಿದ್ದರಂತೆ.

ಅವರು ಹೋದ ಮೇಲೆ ಟೀಚರ್ ಮೆಲ್ಲಗೆ ಕೇಳಿದರು. "ಮಿಚ್ಚ ಅಂದ್ರೇನು?"

"ಮಿಕ್ಕಿದ್ದು ಟೀಚರ್. ಲಾಭ."

"ಮಿಕ್ಕಿದ್ದು ಬೇರೆ, ಲಾಭ ಬೇರೆ. ಎಷ್ಟು ಮಿಗ್ತಿತ್ತು?"

"ವಾರಕ್ಕೆ ಒಂದು ನೂರು."

"ಈಗ ಕಂಡಿಕೆಯವಳಿಗೆ ಎಷ್ಟು ಕೊಡ್ತೀರಿ?"

"ಅರವತ್ತು. ಊಟದ ಹೊತ್ತಲ್ಲಿ ತರಿ ನೋಡೋಕೆ ಇನ್ನೊಬ್ಬ ಬರ್ತಾನೆ. ಅವನಿಗೆ ನಲವತ್ತು."

ಟೀಚರ್ ನನ್ನನ್ನೇ ನೋಡಿದರು. ಮಕ್ಕಳು ತಾವೇ ಉತ್ತರ ಹೇಳಲಿ ಎಂದು ಕಾಯುವ ಮೇಷ್ಟರ ನೋಟ ಅದು. ನನಗೆ ಹೊಳೆಯಲಿಲ್ಲ. ಕೊನೆಗೆ ಅವರೇ ಕೇಳಿದರು. "ಮೊದಲು ಈ ಎರಡು ಕೆಲಸ ಯಾರು ಮಾಡ್ತಿದ್ರು?"

"ನಾನೇ."

"ಎಷ್ಟು ತಗೊಳ್ತಿದ್ದೆ?"

"ಏನು ಟೀಚರ್, ನಮ್ಮ ತರಿಗೆ ನಾನು ಕೂಲಿ ತಗೊಳ್ಳೋದಾ!" ಎಂದು ನಕ್ಕೆ.

"ಹಾಗಾದ್ರೆ ನಿಮ್ಮ ಮಗ್ಗದಲ್ಲಿ ಲಾಭ ಎಂದೂ ಇರಲಿಲ್ಲ ಕಣಮ್ಮ. ನೀವು ಮಿಚ್ಚ ಮಿಚ್ಚ ಅಂತಿದ್ದದ್ದು ನಿನಗೆ ಕೊಡದೆ ಉಳಿಸಿಕೊಂಡ ಕೂಲಿ."

ನಗು ಅಲ್ಲೇ ನಿಂತಿತು. ಯಾರೂ ನೂಲು ಕದ್ದಿರಲಿಲ್ಲ. ಯಾರ ಕಣ್ಣೂ ಬಿದ್ದಿರಲಿಲ್ಲ. ಭಾನುವಾರದ ಹಬ್ಬ, ಮೂರನೆಯ ಮಗ್ಗ, ನಾಲ್ಕನೆಯ ಮಗ್ಗ, ಎಲ್ಲವೂ ನಾನೇ. ನಾನು ಮಲಗಿದ ಕೂಡಲೇ ಎಲ್ಲವೂ ಮಲಗಿತು. ಮನೆಯವರ ಮೇಲೆ ಸಿಟ್ಟು ಬಂತೇ ಎಂದು ನೀವು ಕೇಳಬಹುದು. ಬಂತು. ಆಮೇಲೆ ಯೋಚಿಸಿದರೆ ಪಾಪ, ಅವರು ತಮ್ಮ ಮೈಗೂ ಕೂಲಿ ಹಾಕಿಕೊಂಡಿರಲಿಲ್ಲ. ನಾವಿಬ್ಬರೂ ನಮ್ಮನ್ನು ಪುಕ್ಕಟೆಗೆ ಎಸೆದು, ಉಳಿದದ್ದನ್ನು ನೋಡಿ ಸಂಪಾದನೆ ಎಂದು ಬೀಗುತ್ತಿದ್ದೆವು. ಅಂದು ಅಳು ಬಂತು, ಅತ್ತು ಅತ್ತು ಕೆಮ್ಮಿದೆ. ಟೀಚರ್ ನನ್ನ ಬೆನ್ನು ನೀವಿದರು.

"ನೋಡು, ನನಗೆ ರಜೆ ಇದೆ. ಈ ಮಂಚದ ಮೇಲೆ ಬಿದ್ದಿದ್ರೂ ಅರ್ಧ ಸಂಬಳ ಬರುತ್ತೆ. ಅದಕ್ಕೇ ನಿಶ್ಚಿಂತೆಯಾಗಿ ಮಾತ್ರೆ ನುಂಗ್ತೀನಿ. ನಿನಗೆ ರಜೆ ಕೊಡೋರು ಯಾರೂ ಇಲ್ಲ, ನೀನೇ ಕೊಟ್ಕೋಬೇಕು. ವಾಸಿಯಾದ ಮೇಲೆ ದುಡ್ಡು ಕೂಡಿಸು. ಆದರೆ ರೂಪಾಯಿ ಎಣಿಸಬೇಡ. ಎಷ್ಟು ತಿಂಗಳು ಸುಮ್ಮನೆ ಮಲಗಬಹುದು ಅಂತ ಎಣಿಸು."

ಆ ಮಾತು ಪೂರ್ತಿ ತಿಳಿದದ್ದು ಮಾರಾತ್ತಾಳಿಂದ. ಐದನೆಯ ವಾರ ಅವಳ ಜ್ವರ ಇಳಿಯಿತು, ಕೆಮ್ಮು ನಿಂತಿತು. ಅದೇ ಹೊತ್ತಿಗೆ ಹೊಲದಲ್ಲಿ ಹತ್ತಿ ಬಿಡಿಸುವ ಕಾಲ ಬಂತು. "ಎರಡು ವಾರ ಬಿಡಿಸಿ ಬಂದುಬಿಡ್ತೀನಿ, ಮಂಚ ಹಿಡಿದಿಟ್ಟಿರು" ಎಂದು ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟಳು. ನರ್ಸಮ್ಮ ಕೂಗಾಡಿದರು, ಟೀಚರ್ ಕೈ ಹಿಡಿದುಕೊಂಡರು. "ಇಲ್ಲಿ ನನಗೆ ಮೊಟ್ಟೆ ಸಿಕ್ತದೆ ಟೀಚರ್, ಅಲ್ಲಿ ನನ್ನ ಮಕ್ಕಳಿಗೆ ಏನು ಸಿಕ್ತದೆ?" ಎಂದಳು. ಆರು ತಿಂಗಳಾದ ಮೇಲೆ ನಾನು ಮಾತ್ರೆಗೆ ಹೋದಾಗ, ಅವಳನ್ನು ಮತ್ತೆ ತಂದಿದ್ದರು, ಉಳಿಯಲಿಲ್ಲ ಎಂದು ನರ್ಸಮ್ಮ ಹೇಳಿದರು. ಮದ್ದು ಅವಳಿಗೂ ಇನಾಮೇ ಇತ್ತು. ಅವಳಿಗಿಲ್ಲದೆ ಹೋದದ್ದು ದಿನಗಳು.

ಆದರೆ ಬುದ್ಧಿ ಬಂದ ಮಾತ್ರಕ್ಕೆ ನಾನು ಸರಿಯಾಗಿ ನಡೆದುಕೊಂಡೆ ಎಂದುಕೊಳ್ಳಬೇಡಿ. ಎರಡು ತಿಂಗಳ ಊಸಿ ಮುಗಿಸಿ ಮನೆಗೆ ಬಂದೆ. ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ದಿನಾ ತಾವೇ ಅದನ್ನು ಬಿಸಿನೀರಿನಲ್ಲಿ ತೊಳೆದರು, ಇನ್ನೊಬ್ಬರ ಕೈಗೆ ಕೊಡಲಿಲ್ಲ. ಮೀನಾಳ ಜಡೆಯನ್ನೂ ಅವರೇ ಹಾಕಿದರು, ಓರೆಯಾಗಿ. ನಾನು ದಪ್ಪಗಾದೆ. ಬೀದಿಯವರು "ಪೂರ್ತಿ ವಾಸಿ" ಎಂದರು. ಮನೆಯಲ್ಲಿ ಮಾತ್ರ, ಆಸ್ಪತ್ರೆಯ ಓಡಾಟದ ಖರ್ಚೂ ಸೇರಿ, ದಿನಸಿ ಅಂಗಡಿಯ ಬಾಕಿ ಬೆಳೆಯುತ್ತಿತ್ತು. ಮಗ್ಗದ ಸಾಲದ ಕಂತು ಎರಡು ಸಲ ತಪ್ಪಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು ಮಗ್ಗದ ಸದ್ದು ಕೇಳುವುದೇ ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಕಂಡಿಕೆಯವಳು ಬರಲಿಲ್ಲ. ಮಗ್ಗಗಳು ಒಂದೊಂದಾಗಿ ನಿಂತವು. ಮನೆಯವರು ನನ್ನನ್ನು ಕರೆಯಲಿಲ್ಲ, ನಿಜ ಹೇಳಬೇಕು. ನಾನೇ ಎದ್ದು ಹೋಗಿ ಕಂಡಿಕೆ ಸುತ್ತುವ ಮಿಷನ್ನಿನ ಸ್ವಿಚ್ಚು ಹಾಕಿದೆ. ಹತ್ತು ಕಂಡಿಕೆ ಸುತ್ತಿದ್ದೆನೋ ಇಲ್ಲವೋ, ಮಿಷನ್ನು ನಿಂತಿತು. ಕರೆಂಟು ಹೋಯಿತು ಎಂದುಕೊಂಡೆ. ತಿರುಗಿದರೆ ಸ್ವಿಚ್ಚಿನ ಮೇಲೆ ಅತ್ತೆಯ ಕೈ.

"ಮಾವನೂ ಹಿಂಗೇ ಬಂದು ಕೂತ್ರು" ಎಂದರು. "ಆವಾಗ ಕೈತರಿ. ಮೂರು ತಿಂಗಳು ಮದ್ದು ತಿಂದ್ರು. ಒಡಂಬು ಬಂತು, ಮೈ ಕೈ ತುಂಬಿಕೊಂಡ್ತು. ವಾಸಿ ಆಯ್ತು ಅಂತ ಕುಳೀಲಿ ಇಳಿದು ನೇಯಕ್ಕೆ ಕೂತ್ರು. ನಾನೇ ಬೋಗುಣಿ ತುಂಬ ಕಂಡಿಕೆ ಸುತ್ತಿ ಕೊಟ್ಟೆ. ನೇಯಿರಿ ಅಂತ. ನಾನೇ ಕೊಟ್ಟೆ ಜಯಮಣಿ."

ಇಷ್ಟು ವರ್ಷದಲ್ಲಿ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಅವರ ಮಗ, ನಮ್ಮ ಮನೆಯವರು, ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಟೀಚರ್ ಹೇಳಿದ ಲೆಕ್ಕವನ್ನು ಅಲ್ಲೇ ಹೇಳಿಬಿಟ್ಟೆ. ಅರವತ್ತು, ನಲವತ್ತು, ನೂರು. "ಏನುಂಗೊ, ಮಿಚ್ಚ ಎಲ್ಲೂ ಹೋಗಿಲ್ಲ. ಇಲ್ಲಿ ನಿಂತೈತೆ ನೋಡಿ" ಎಂದು ನನ್ನ ಎದೆ ತೋರಿಸಿದೆ. ಮನೆಯವರು ಬೆರಳು ಮಡಚಿ ಬಿಚ್ಚಿ ಲೆಕ್ಕ ಮಾಡಿದರು. ಮತ್ತೆ ಮಾಡಿದರು. ಷರ್ಟು ಹಾಕಿಕೊಂಡು ಎಲ್ಲಿಗೋ ಹೊರಟುಹೋದರು. ಕೋಪ ಬಂತು ಎಂದು ನಾನೂ ಅತ್ತೆಯೂ ಊಟ ಮಾಡದೆ ಕೂತೆವು.

ಮೂರನೆಯ ದಿನ ಶೆಡ್ಡಿನ ಮುಂದೆ ಲಾರಿ ನಿಂತಿತು. ಹೊಸ ಮಗ್ಗಗಳೆರಡನ್ನೂ ಸೋಮನೂರಿನವರೊಬ್ಬರು ಕೊಂಡಿದ್ದರು. ಆರುಮುಗಂ ಕೆಲಸಕ್ಕೂ ಅಲ್ಲೇ ಮಾತಾಗಿತ್ತು. ಸಾಲ ಪೂರ್ತಿ ತೀರಿ, ಕಂಡಿಕೆಯವಳಿಗೆ ಕೂಲಿ ಕೊಟ್ಟುಕೊಂಡು ಒಂದು ವರ್ಷಕ್ಕೂ ಹೆಚ್ಚು ನಡೆಯುವಷ್ಟು ಕೈಗೆ ಬಂತು. ನಮ್ಮ ಜನರಲ್ಲಿ ಮಗ್ಗ ಮಾರಿದವನೆಂದರೆ ಮುಳುಗಿದವನೆಂದೇ ಲೆಕ್ಕ. ಎದುರು ಮನೆಯವರು ಕೇಳಿಯೇಬಿಟ್ಟರು. "ಏನಪ್ಪಾ, ತರಿ ಎಲ್ಲಿಗೆ ಹೋಗ್ತಾವೆ?"

"ಅವಕ್ಕೆ ಒಡಂಬು ಸರಿಯಿಲ್ಲ, ಆಸ್ಪತ್ರಿಗೆ ಹೋಗ್ತಾವೆ" ಎಂದರು ನಮ್ಮ ಮನೆಯವರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು ಒಳಗೆ ಬಂದರು. ಖಾಲಿ ನೆಲದಲ್ಲಿ ಮಗ್ಗದ ಕಾಲಿನ ಗುರುತು ನೋಡುತ್ತಾ, "ಮಾತ್ತಿರೆ ನುಂಗಿದೆಯಾ?" ಎಂದು ಕೇಳಿದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಹದಿನೆಂಟು ತಿಂಗಳು ಪೂರ್ತಿ ನುಂಗಿದೆ. ಕೊನೆಯ ಎಕ್ಸ್‌ರೇ ನೋಡಿ ಡಾಕ್ಟರಮ್ಮ ಚೀಟಿಯ ಮೇಲೆ ಗೀಟು ಎಳೆದರು. ಟೀಚರಿಗೆ ಕನ್ನಡದಲ್ಲಿ ಕಾಗದ ಬರೆದೆ. ಅವರೂ ವಾಸಿಯಾಗಿ ಶಾಲೆಗೆ ಹೋಗುತ್ತಿದ್ದರು. ನನ್ನ ಕಾಗದದಲ್ಲಿನ ತಪ್ಪುಗಳಿಗೆ ಕೆಂಪು ಶಾಯಿ ಹಾಕಿ ವಾಪಸು ಕಳಿಸಿದರು.

ಮತ್ತೆ ಕಂಡಿಕೆಗೆ ನಿಂತದ್ದು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು. ಲಾಳಿಗೆ ಬಾಯಿಡುವುದನ್ನು ಬಿಟ್ಟೆ. ಹಳೆಯ ಕೊಡೆಯ ತಂತಿಯನ್ನು ಕೊಕ್ಕೆ ಮಾಡಿ, ಅದರಲ್ಲಿ ನೂಲು ಎಳೆಯುತ್ತಿದ್ದೆ. ಮನೆಯವರಿಗೂ ಒಂದು ಮಾಡಿ ಕೊಟ್ಟೆ. "ಇದರಲ್ಲಿ ವೇಲೆ ನಿಧಾನ" ಎಂದು ಅವರು ಬಾಯನ್ನೇ ಇಟ್ಟರು. ಮೊದಲ ಶನಿವಾರ ಲೆಕ್ಕ ಮುಗಿಸಿದ ಅವರ ಮುಂದೆ ನಾನು ಕೈ ಚಾಚಿದೆ.

"ಏನು?"

"ಕೂಲಿ. ಕಂಡಿಕೆಯವಳಿಗೆ ಕೊಟ್ಟದ್ದು ನನಗೂ ಕೊಡಿ."

ನಕ್ಕರು. ನಾನು ನಗಲಿಲ್ಲ. ಒಳಗಿನಿಂದ ಅತ್ತೆ "ಕೊಡು ಸಾಮಿ, ಹಿಂದಿನದನ್ನ ಕೇಳಲಿಲ್ವಲ್ಲ, ಸಂತೋಷಪಡು" ಎಂದರು. ಕೊಟ್ಟರು. ಕೊಡುವಾಗ ಅವರಿಗೂ ನಾಚಿಕೆ, ತೆಗೆದುಕೊಳ್ಳುವಾಗ ನನಗೂ ನಾಚಿಕೆ. ನಾಲ್ಕು ವಾರದಲ್ಲಿ ನಾಚಿಕೆ ಹೋಯಿತು.

ಆ ಕೂಲಿ ಕೂಡಿಡಲು ಅಂಚೆ ಕಚೇರಿಯಲ್ಲಿ ಉಳಿತಾಯದ ಪುಸ್ತಕ ಮಾಡಿಸಲು ಹೋದಾಗ ಒಂದು ಎಡವಟ್ಟು ಮಾಡಿದೆ. ಫಾರಮ್ಮನ್ನು ತಮಿಳಿನಲ್ಲೇ ತುಂಬಿದೆ. ಸಹಿಯ ಜಾಗ ಬಂದಾಗ ಕೈ ತನ್ನಷ್ಟಕ್ಕೆ ತಾನೇ 'ಜಯಮಣಿ' ಎಂದು ಕನ್ನಡದಲ್ಲಿ ಬರೆದುಬಿಟ್ಟಿತು. ವಾರ್ಡಿನಲ್ಲಿ ನೂರಾರು ಸಲ ಬರೆದ ಹೆಸರು. ಅಂಚೆಯವರು ಕಾಗದವನ್ನು ಅತ್ತ ಇತ್ತ ತಿರುಗಿಸಿ "ಇದೆನ್ನಮ್ಮಾ, ತೆಲುಂಗಾ?" ಎಂದರು. ಅಳಿಸಿ ಬರೆಯಲೇ ಎಂದರೆ ಬೇಡ, ಹಾಕಿದ್ದು ಹಾಕಿದ್ದೇ, ಇನ್ನು ಹಣ ತೆಗೆಯುವಾಗಲೆಲ್ಲ ಹೀಗೆಯೇ ಹಾಕಬೇಕು ಎಂದರು. ಕರುಮತ್ತಂಪಟ್ಟಿಯಲ್ಲಿ ಆ ಸಹಿ ಹಾಕಬಲ್ಲವರು ಬೇರೆ ಯಾರೂ ಇರಲಿಲ್ಲ. ಬೀಗ ಭದ್ರವಾಯಿತು.

ಟೀಚರ್ ಹೇಳಿಕೊಟ್ಟಂತೆ ತಿಂಗಳನ್ನು ಎಣಿಸಿದೆ. ಮನೆಗೆ ತಿಂಗಳಿಗೆ ಎಷ್ಟು ಬೇಕೋ ಅಷ್ಟು ಸೇರಿದರೆ ಒಂದು ತಿಂಗಳು. ಮೀನಾಳಿಗೆ ಬಳೆ ಕೊಳ್ಳಬೇಕೆನಿಸಿದಾಗ 'ಇದು ಐದು ದಿನ' ಎಂದುಕೊಳ್ಳುತ್ತಿದ್ದೆ. ಕೆಲವು ಸಲ ಐದು ದಿನ ಕೊಟ್ಟು ಬಳೆ ಕೊಂಡೆ, ಸನ್ಯಾಸಿಯೇನಲ್ಲ. ಮನೆಯವರು ಮತ್ತೆ ಮಗ್ಗದ ಮಾತು ತೆಗೆದಾಗಲೆಲ್ಲ "ಮೊದಲು ತಿಂಗಳು, ಆಮೇಲೆ ತರಿ" ಎನ್ನುತ್ತಿದ್ದೆ. ಎಷ್ಟು ತಿಂಗಳಾಗಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ವಾಸಿಯಾಗಿ ಮೂರು ವರ್ಷವಾಗಿತ್ತು. ಮನೆಯವರು ಕೆಮ್ಮತೊಡಗಿದರು. "ಧೂಳು" ಎಂದರು. ಸಂಜೆಯ ಜ್ವರಕ್ಕೆ "ಸೆಕೆ" ಎಂದರು. ನಾನು ಅವರ ಟವಲು ಒಗೆಯುವಾಗ ನೋಡುತ್ತಿದ್ದೆ. ಒಂದು ದಿನ ರಕ್ತ ಕಂಡಿತು. ಹೋಗಿ ಮಗ್ಗ ನಿಲ್ಲಿಸಿದೆ.

"ಆಸ್ಪತ್ರಿಗೆ ಹೊರಡಿ."

"ಹೋಗಿ? ಹದಿನೆಂಟು ತಿಂಗಳು ಮಲಗಕ್ಕೆ ಆಗ್ತದಾ? ನೀನು ಮಲಗಿದಾಗ ನಾನು ದುಡಿದೆ. ನಾನು ಮಲಗಿದರೆ ಯಾರು? ಇನ್ನಿರೋದು ಎರಡೇ ತರಿ. ಅದನ್ನೂ ಮಾರಕ್ಕಾ?" ಎಂದು ಕೂಗಿದರು. ಕೂಗಿದ್ದಕ್ಕೇ ಕೆಮ್ಮು ಬಂತು. ಅವರಪ್ಪನ ಹಾಗೆಯೇ ಮಗ್ಗಕ್ಕೆ ಒರಗಿ ನಿಂತಿದ್ದರು ಎಂದು ಅತ್ತೆ ಆಮೇಲೆ ಹೇಳಿದರು. ನಾನು ಒಳಗೆ ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಪುಸ್ತಕ ತಂದು ಅವರ ಕೈಗೆ ಕೊಟ್ಟೆ.

ತಿರುವಿ ನೋಡಿದರು. "ಎಷ್ಟಿದು?"

"ಹತ್ತು ತಿಂಗಳು."

"ರೂಪಾಯಿ ಕೇಳಿದೆ."

"ನಾನು ರೂಪಾಯಿ ಕೂಡಿಸಿಲ್ಲ. ಹತ್ತು ತಿಂಗಳು ಕೂಡಿಸಿದ್ದೀನಿ. ಎರಡು ತರಿ ನಾನು ಓಡಿಸ್ತೀನಿ, ಕಂಡಿಕೆಗೆ ಆಳು ಇಡ್ತೀನಿ, ಕೂಲಿ ಕೊಟ್ಟು. ಮಿಕ್ಕ ಎಂಟು ತಿಂಗಳು ಅಷ್ಟರಲ್ಲಿ ಸೇರ್ತದೆ. ನೀವು ಮಲಗಿ."

ಪುಸ್ತಕವನ್ನು ಹಿಡಿದುಕೊಂಡೇ ನಿಂತಿದ್ದರು. ಒಳಪುಟದಲ್ಲಿದ್ದ ಸಹಿಯ ಮೇಲೆ ಬೆರಳಿಟ್ಟು "ಇದು ಏನು ಎಳುತ್ತು?" ಎಂದರು. ಯಾವ ಬರಹ ಎಂದು. "ನಾವು ಮಾತಾಡ್ತೀವಲ್ಲ, ಅದು" ಎಂದೆ. ಅವರ ಕಣ್ಣು ತುಂಬಿತು. ನನ್ನದೂ.

ಯಾಕೆ ಇಷ್ಟೆಲ್ಲ ಬರೆದೆ ಎಂದರೆ, ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುವವಳು ಇದನ್ನು ಓದುತ್ತಿ​ರಬಹುದು. ಅವಳಿಗೆ ಎರಡು ಮಾತು. ಮೊದಲು ಆ ಸೆರಗನ್ನು ಬಿಚ್ಚಿ ಯಾರಿಗಾದರೂ ತೋರಿಸು, ಕಣ್ಣು. ವಾಸಿಯಾದ ಮೇಲೆ ನಿನ್ನ ಕೂಲಿ ಕೇಳಿ ತೆಗೆದುಕೋ. ಅದು ದುರಾಸೆಯಲ್ಲ. ಒಂದು ದಿನ ಆ ದುಡ್ಡಿನಲ್ಲಿ ಯಾರೋ ಬದುಕಬೇಕಾಗುತ್ತದೆ. ಮಾರಾತ್ತಾಳ ಬಳಿ ಆರು ತಿಂಗಳಿನ ದುಡ್ಡು ಇದ್ದಿದ್ದರೂ ಸಾಕಿತ್ತು ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಪುಸ್ತಕ ತೋರಿಸಿದ ಮರುದಿನ ಅದೇ ಬಸ್ಸು. ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಅದೇ ಆಸ್ಪತ್ರೆ, ಚೀಟಿ ಬರೆಯುವ ಅದೇ ಕಿಟಕಿ, ಒಳಗೆ ಬೇರೆ ಗುಮಾಸ್ತರು. ಹೆಸರು ಕೇಳಿದರು, ಊರು ಕೇಳಿದರು.

"ಎನ್ನ ವೇಲೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯವರು ನನ್ನತ್ತ ತಿರುಗಿದರು. ಹೊರಡುವ ಮುಂಚೆ ಒಂದು ಬುಟ್ಟಿ ಕಂಡಿಕೆ ಸುತ್ತಿದ್ದೆ. ನನ್ನ ಕೂದಲಿನಿಂದ ಹತ್ತಿಯ ಎಳೆಯೊಂದನ್ನು ತೆಗೆದು ಗುಮಾಸ್ತರಿಗೆ ಹೇಳಿದರು.

"ವೇಲೆ ಎಲ್ಲಾಂ ಇದುಂಗ. ನಾನ್ ಸುಮ್ಮಾ ವೀಟ್ಲ ಇರುಕ್ಕೇನುಂಗ."

ಕೆಲಸವೆಲ್ಲ ಇವಳದು, ನಾನು ಸುಮ್ಮನೆ ಮನೆಯಲ್ಲಿದ್ದೇನೆ ಎಂದು. ಗುಮಾಸ್ತರು ತಲೆ ಎತ್ತದೆ ಬರೆದುಕೊಂಡರು. ಕೊಟ್ಟ ಮಾತಿಗೆ ತಪ್ಪದೆ ನಮ್ಮ ಮನೆಯವರು ಎರಡು ತಿಂಗಳು ಆಸ್ಪತ್ರೆಯಲ್ಲಿ, ಮಿಕ್ಕದ್ದು ಮನೆಯಲ್ಲಿ, ಹದಿನೆಂಟು ತಿಂಗಳು ಸುಮ್ಮನೆ ಇದ್ದರು. ವಾಸಿಯಾಗಿ ಈಗಲೂ ಇದ್ದಾರೆ.